ಆಕ್ಷೇಪಣೆ ಬಂದಿಲ್ಲ

ಮಧ್ಯಾಹ್ನ ಒಂದೂವರೆಯಾದರೆ ಸೆಕ್ಷನ್ನಿನವರೆಲ್ಲ ಜನವರಿಯ ಬಿಸಿಲು ಕಾಯಲು ಕೆಳಗಿನ ಹುಲ್ಲುಹಾಸಿಗೆ ಇಳಿಯುತ್ತಿದ್ದರು. ಚಂದ್ರಪ್ರಭಾ ಮಾತ್ರ ತನ್ನ ಮೇಜಿನಲ್ಲೇ ಡಬ್ಬಿ ಬಿಚ್ಚುತ್ತಿದ್ದಳು. ಮೊದಮೊದಲು ಅವರು ಕರೆಯುತ್ತಿದ್ದರು. ಇವಳು ನಾಳೆ ಬರ್ತೀನಿ ಅನ್ನುತ್ತಿದ್ದಳು. ಆಮೇಲೆ ಕರೆಯುವುದೂ ನಿಂತಿತು.

ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ದೆಹಲಿಯ ಈ ಪರಿಸರ ಸಚಿವಾಲಯದಲ್ಲಿ ಗುಮಾಸ್ತೆಯ ಕೆಲಸ ಸಿಕ್ಕಿ ಏಳು ವರ್ಷವಾಗಿತ್ತು. ಮಕ್ಕಳಿರಲಿಲ್ಲ. ರೋಹಿಣಿ ಬಡಾವಣೆಯ ಒಂದು ಕೋಣೆಯ ಮನೆಗೆ ಭಾನುವಾರ ದಾವಣಗೆರೆಯಿಂದ ಅಕ್ಕ ಫೋನು ಮಾಡಿದರೆ ಬಾಯಿಗೆ ಕನ್ನಡ. ಮಾಡದಿದ್ದರೆ ತರಕಾರಿ ಭಯ್ಯಾನ ಜೊತೆಗಿನ ಚೌಕಾಸಿಯೇ ವಾರದ ಮಾತು.

ಅಂದು ಊಟದ ಹೊತ್ತಿಗೇ ಜವಾನ ಟಪಾಲು ತಂದವನೇ ಗೊಣಗಿದ. "ಮೇಡಂಜೀ, ಈ ಲಕೋಟೆ ಹರಿದಿದೆ. ದಾರಿಯುದ್ದಕ್ಕೂ ಮರಳು."

ಲಕೋಟೆ ಇಟ್ಟಲ್ಲೇ ಮೇಜಿನ ಮೇಲೆ ಕಪ್ಪಗೆ ಮಿನುಗುವ ಮರಳು ಹರಡಿಕೊಂಡಿತು. ಪಕ್ಕದಲ್ಲಿದ್ದ ಗುಂಡುಸೂಜಿ ಡಬ್ಬಿಯ ಅಯಸ್ಕಾಂತಕ್ಕೆ ಒಂದಷ್ಟು ಕಣಗಳು ತಾವಾಗಿಯೇ ಹೋಗಿ ಅಂಟಿದವು. ಒಳಗಿದ್ದ ಕಾಗದ ಕನ್ನಡದಲ್ಲಿತ್ತು.

ಕನ್ನಡವಾಗಲಿ, ತಮಿಳಾಗಲಿ, ಒಡಿಯಾ ಆಗಲಿ, ಅಂಥ ಪತ್ರಗಳಿಗೆ ಅಲ್ಲಿ ಒಂದು ಕಟ್ಟು ಇತ್ತು. ಮೇಲೆ 'ಭಾಷೆ ತಿಳಿಯದು' ಎಂದು ಬರೆದು ಬೀರುವಿಗೆ ಸೇರಿಸಿದರೆ ಮುಗಿಯಿತು. ತನಗೆ ಕನ್ನಡ ಬರುತ್ತದೆಂದು ಚಂದ್ರಪ್ರಭಾ ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಇಲ್ಲದ ಕೆಲಸವೆಲ್ಲ ತಲೆಗೆ ಬರುತ್ತದೆ ಎಂದು ಸೇರಿದ ಹೊಸದರಲ್ಲಿ ಯಾರೋ ಎಚ್ಚರಿಸಿದ್ದರು. ಮದ್ರಾಸಿ ಎಂದುಕೊಂಡು ಎಲ್ಲರೂ ಸುಮ್ಮನಿದ್ದರು. ಅವಳೂ ಸುಮ್ಮನಿದ್ದಳು.

ಇಂದು ಮರಳು ಗುಡಿಸಬೇಕಾಗಿ ಬಂದದ್ದರಿಂದ ಕಾಗದ ಕೈಯಲ್ಲೇ ಉಳಿಯಿತು. ಕಣ್ಣು ತಾನಾಗಿ ಓದಿತು.

"ಸ್ವಾಮಿ, ನಮ್ಮ ಕಡಲ ದಿಬ್ಬದಲ್ಲಿ ಬೆಲೆಬಾಳುವ ಖನಿಜ ಇದೆಯಂತೆ, ದಿಬ್ಬ ಅಗೆಯುತ್ತಾರಂತೆ. ಆ ಮರಳನ್ನೇ ಇದರಲ್ಲಿ ಕಳಿಸಿದ್ದೇವೆ, ನೋಡಿ. ಹಿಂದಿನ ವರ್ಷ ಕಡಲು ಉಕ್ಕಿದಾಗ ದಿಬ್ಬವಿಲ್ಲದ ಪಕ್ಕದ ಊರಿನ ಬಾವಿಗಳೆಲ್ಲ ಉಪ್ಪಾದವು. ನಮ್ಮದು ಇಂದಿಗೂ ಸಿಹಿ ನೀರು. ಇದು ನಮ್ಮ ಮೂರನೆಯ ಕಾಗದ. ಮೊದಲಿನ ಎರಡಕ್ಕೆ ಉತ್ತರ ಬರಲಿಲ್ಲ. ತಪ್ಪಾಗಿ ಬರೆದಿದ್ದರೆ ಹೇಗೆ ಬರೆಯಬೇಕೆಂದಾದರೂ ತಿಳಿಸಿ."

ಕೆಳಗೆ ಮೀನು ಮಾರುವ ಜಲಜಾ ಎಂಬವಳ ಸಹಿ, ಅದರ ಹಿಂದೆ ನಲವತ್ತೊಂದು ಹೆಬ್ಬೆಟ್ಟುಗಳು.

ಚಂದ್ರಪ್ರಭಾ ಎದ್ದು ಬೀರು ತೆಗೆದಳು. ಕಟ್ಟು ಬಿಚ್ಚಿದಾಗ ಉಳಿದೆರಡೂ ಸಿಕ್ಕವು. ಎರಡರ ಮೂಲೆಯಲ್ಲೂ 'ಭಾಷೆ ತಿಳಿಯದು' ಎಂದಿತ್ತು. ಬರಹ ಅವಳದೇ.

ಡಬ್ಬಿ ಮುಚ್ಚಿಟ್ಟು ಮೂರನ್ನೂ ಇಂಗ್ಲಿಷಿಗೆ ಇಳಿಸಲು ಕೂತಳು. ಮುಗಿಯುವಾಗ ಮರುದಿನದ ಊಟದ ಹೊತ್ತೂ ಕಳೆದಿತ್ತು.

ಸೆಕ್ಷನ್ ಅಧಿಕಾರಿ ಭಾಟಿಯಾ ಕೆಟ್ಟವರಲ್ಲ. ಕಾಗದಗಳನ್ನು ನೋಡಿ ಕನ್ನಡಕ ತೆಗೆದರು.

"ಚಂದ್ರಪ್ರಭಾಜೀ, ಈ ಗಣಿಯ ಅನುಮತಿಗೆ ನಾಳೆ ಸಮಿತಿ ಕೂರುತ್ತದೆ. 'ಆಕ್ಷೇಪಣೆ ಬಂದಿಲ್ಲ' ಅಂತ ಟಿಪ್ಪಣಿ ಹೋಗಿದೆ. ನೀವೇ ಟೈಪ್ ಮಾಡಿದ್ದು."

"ಹೌದು ಸರ್. ಅದನ್ನ ತಿದ್ದಬೇಕು."

"ಆ ಮರಳಲ್ಲಿ ಇಲ್ಮನೈಟ್ ಇದೆ. ಅದರಿಂದ ಟೈಟಾನಿಯಂ ಬರುತ್ತೆ. ಗೋಡೆಯ ಬಣ್ಣದಿಂದ ವಿಮಾನದವರೆಗೆ ದೇಶಕ್ಕೆ ಬೇಕು. ಅಲ್ಲಿನವರಿಗೆ ಕೆಲಸವೂ ಸಿಗುತ್ತೆ. ಅದು ಸುಳ್ಳೇ?"

"ಸುಳ್ಳಲ್ಲ ಸರ್. ಅಗೆಯಬೇಕೋ ಬೇಡವೋ, ನನಗೆ ಗೊತ್ತಾಗೋ ವಿಷಯ ಅಲ್ಲ. ಆದರೆ ಅವರು ಬೇಡ ಅಂದಿದ್ದಾರೆ. ಮೂರು ಸಲ ಅಂದಿದ್ದಾರೆ. ಯಾರೂ ಏನೂ ಅನ್ನಲಿಲ್ಲ ಅಂತ ನಾವು ಬರೆದಿದ್ದೀವಿ."

"ನಿಮಗೆ ಕನ್ನಡ ಬರುತ್ತೆ ಅಂತ ಏಳು ವರ್ಷ ಹೇಳಲೇ ಇಲ್ಲವಲ್ಲ?"

ಅವಳು ತಲೆ ತಗ್ಗಿಸಿದಳು. "ಯಾರೂ ಕೇಳಲಿಲ್ಲ ಅಂದುಕೊಂಡಿದ್ದೆ. ನಿಜ ಅಂದರೆ ಹೇಳೋ ಮನಸ್ಸಿರಲಿಲ್ಲ. ತಪ್ಪು ನನ್ನದು ಸರ್. ಟಿಪ್ಪಣಿಯಲ್ಲಿ ಹಾಗೇ ಬರೆಯಿರಿ."

ಭಾಟಿಯಾ ಕನ್ನಡಕ ಮತ್ತೆ ಹಾಕಿಕೊಂಡರು. "ಅಚ್ಛಾ, ಫೈಲು ತನ್ನಿ," ಎಂದರು.

ಸಮಿತಿ ಗಣಿ ಕಂಪನಿಯ ಅರ್ಜಿಯನ್ನು ತಿರಸ್ಕರಿಸಲಿಲ್ಲ. ಆ ಊರಿನಲ್ಲೇ, ಅಲ್ಲಿಯ ಭಾಷೆಯಲ್ಲೇ ಅಹವಾಲು ಕೇಳಿ ಆಮೇಲೆ ಬನ್ನಿ ಎಂದು ಮುಂದೂಡಿತು. ಚಂದ್ರಪ್ರಭಾಳಿಗೆ ಒಂದು ಮೆಮೊ ಬಂತು. ಬೀರುವಿನ ಕನ್ನಡದ ಕಾಗದಗಳೂ ಅವಳ ಮೇಜಿಗೇ ಬಂದವು. ಸಹೋದ್ಯೋಗಿಗಳು ಮರುಕದಿಂದ ನೋಡಿದರು.

ಜಲಜಾಗೆ ಕಚೇರಿಯಿಂದ ಅಚ್ಚಾದ ಎರಡು ಸಾಲಿನ ಸ್ವೀಕೃತಿ ಹೋಯಿತು. ಅದು ಹಿಂದಿಯಲ್ಲಿತ್ತು. ಶನಿವಾರ ಚಂದ್ರಪ್ರಭಾ ರೋಹಿಣಿಯ ಅಂಚೆ ಕಚೇರಿಯಲ್ಲಿ ಒಂದು ಇನ್‌ಲ್ಯಾಂಡ್ ಕೊಂಡು ಅಲ್ಲೇ ಬೆಂಚಿನ ಮೇಲೆ ಕೂತು ಬರೆದಳು. ಒತ್ತಕ್ಷರ ಹಾಕುವಾಗ ಕೈ ತಡೆಯಿತು.

"ತಾಯಿ, ನೀವು ತಪ್ಪಾಗಿ ಬರೆದಿರಲಿಲ್ಲ. ಮೂರು ಕಾಗದವೂ ತಲುಪಿದ್ದವು. ಮೊದಲಿನ ಎರಡನ್ನು ಓದದೆ ಪಕ್ಕಕ್ಕಿಟ್ಟವಳು ನಾನು. ಇನ್ನು ಅಹವಾಲು ಕೇಳಲು ನಿಮ್ಮ ಊರಿಗೇ ಬರುತ್ತಾರೆ. ಎಲ್ಲರೂ ಹೋಗಿ ಮಾತಾಡಿ. ಮತ್ತೆ ಬರೆಯುವುದಿದ್ದರೆ ಕನ್ನಡದಲ್ಲೇ ಬರೆಯಿರಿ."

ಕೆಳಗೆ ಪೂರ್ತಿ ಹೆಸರು ಬರೆದು, ಒಂದು ಕ್ಷಣ ಯೋಚಿಸಿ, ತನ್ನ ಮನೆಯ ವಿಳಾಸವನ್ನೂ ಸೇರಿಸಿದಳು.