ಕೂರಲೊಲ್ಲದ ಕೂಸು

"ಕುಂದ್ರು ಅಂದ್ರೆ ಕುಂದ್ರಬೇಕು!" ಕೊಟ್ರೇಶ ಮಗಳ ಎರಡೂ ಭುಜ ಹಿಡಿದು ಪ್ಲಾಸ್ಟಿಕ್ ಕುರ್ಚಿಗೆ ಒತ್ತಿದ. ಐದು ವರ್ಷದ ಚೈತ್ರಶ್ರೀ ಮೊಣಕಾಲು ಮಡಚಲಿಲ್ಲ, ಒನಕೆಯ ಹಾಗೆ ಸೆಟೆದು ನಿಂತಳು. ಬೆಳಿಗ್ಗೆ ಸ್ಕೂಲ್ ವ್ಯಾನಿನಲ್ಲಿ ಸೀಟಿದ್ದರೂ ನಿಂತೇ ಹೋದವಳು ತಿರುವಿನಲ್ಲಿ ಮುಗ್ಗರಿಸಿ ಕಂಬಿಗೆ ಬಡಿದು, ಹಣೆಗೆ ಹೊಲಿಗೆ ಹಾಕಿಸಿಕೊಂಡು ಬಂದಿದ್ದಳು. ನಾಳೆಯಿಂದ ಕೂರುವುದಾದರೆ ಮಾತ್ರ ಹತ್ತಿಸಿಕೊಳ್ಳುತ್ತೇನೆ ಎಂದು ಡ್ರೈವರ್ ಕಡ್ಡಿ ತುಂಡು ಮಾಡಿದಂತೆ ಹೇಳಿ ಹೋಗಿದ್ದ.

ಅಡುಗೆಮನೆ ಬಾಗಿಲಲ್ಲಿ ನಿಂತ ನೀಲಾಂಬಿಕ ಮೊಮ್ಮಗಳನ್ನೇ ನೋಡುತ್ತಿದ್ದಳು. ಈ ರಗಳೆ ಶುರುವಾಗಿ ತಿಂಗಳ ಮೇಲಾಯಿತು. ಮಗು ಓಡುತ್ತದೆ, ಕುಣಿಯುತ್ತದೆ, ಮಲಗುತ್ತದೆ. ಜಪ್ಪಯ್ಯಾ ಅಂದರೂ ಕೂರುವುದಿಲ್ಲ. ಊಟ ನಿಂತು, ಬರೆಯುವುದೂ ನಿಂತು. ತಾನು ಕೂರದಿದ್ದರೆ ಹಾಳಾಗಲಿ, ಬೇರೆಯವರನ್ನೂ ಕೂರಗೊಡುವುದಿಲ್ಲ. ಮಂಡಿನೋವಿನ ನೀಲಾಂಬಿಕ ಗೋಡೆಗೆ ಒರಗಿ ಕೂತರೆ ಸಾಕು, ಎಲ್ಲಿದ್ದರೂ ಓಡಿ ಬಂದು ರಟ್ಟೆ ಹಿಡಿದು ಜಗ್ಗುತ್ತದೆ. ಶಿಕಾರಿಪುರದ ಡಾಕ್ಟರು ಕಾಲು ತಟ್ಟಿ ನೋಡಿ ಟಾನಿಕ್ ಬರೆದುಕೊಟ್ಟರು. ಹೊಸಬಾಳೆಯ ಬೀಗರು ದೃಷ್ಟಿ ತೆಗೆಸಿ ಎಂದರು, ಅದೂ ಆಯಿತು.

"ಸಾಕು ಬಿಡ್ರಿ, ಹೊಲಿಗಿ ಬಿಚ್ಚೀತು," ಎಂದು ಸೊಸೆ ಜ್ಯೋತಿಲಕ್ಷ್ಮಿ ಗಂಡನ ಕೈ ಹಿಡಿದಳು.

"ನೀನ್ ಸುಮ್ನಿರು. ಒಂದ್ಸಲ ಕುಂದ್ರಿಸಿಬಿಟ್ರೆ ಎಲ್ಲಾ ಸರಿಹೋಗ್ತತಿ."

ಕೊಟ್ರೇಶ ಮೊಣಕಾಲಿನ ಹಿಂದೆ ಕೈಯಿಟ್ಟು ಮಡಚಿದ. ಮಗು ದೊಪ್ಪನೆ ಕುರ್ಚಿಗೆ ಬಿತ್ತು. ಕೂತಲ್ಲೇ ಉಚ್ಚೆ ಹೊಯ್ದುಕೊಂಡಿತು. "ಅಪ್ಪಾ, ಬ್ಯಾಡಪ್ಪಾ! ನಂಗೆ ಹೂವು ಹಾಕಬ್ಯಾಡ! ನನ್ನ ಗುಂಡಿಗೆ ಇಳಿಸಬ್ಯಾಡ!"

ಕೊಟ್ರೇಶನ ಕೈ ಸಡಿಲಿತು. ಮೂವರೂ ಒಟ್ಟಿಗೇ ಪಡಸಾಲೆಯ ಗೋಡೆಯತ್ತ ನೋಡಿದರು.

ಒಂದೂವರೆ ತಿಂಗಳ ಹಿಂದೆ ತೀರಿಕೊಂಡ ನೀಲಾಂಬಿಕಳ ಗಂಡ ಶಿವಮೂರ್ತಪ್ಪನ ಹೆಣವನ್ನು ಕೂರಿಸಿದ್ದು ಅಲ್ಲಿಯೇ. ಅವರಲ್ಲಿ ಪದ್ಧತಿಯೇ ಹಾಗೆ. ಮೈ ತೊಳೆದು, ವಿಭೂತಿ ಬಳಿದು, ಹೂವಿನ ಹಾರ ಹಾಕಿ ಕೂರಿಸುತ್ತಾರೆ, ಕೂತ ಭಂಗಿಯಲ್ಲೇ ಮಣ್ಣು ಮಾಡುತ್ತಾರೆ. ಚಿಕ್ಕಪ್ಪನ ಹೆಗಲ ಮೇಲಿದ್ದ ಮಗು ಎಲ್ಲವನ್ನೂ ನೋಡಿತ್ತು. ಅಜ್ಜ ಏನು ಮಾಡುತ್ತಿದ್ದಾನೆ ಎಂದು ಕೇಳಿದ್ದಕ್ಕೆ ನೀಲಾಂಬಿಕಳೇ ಹೇಳಿದ್ದಳು: "ಸುಮ್ನೆ ಕುಂತಾನವ್ವ. ಶಿವನ ಹತ್ರ ಹೊಂಟಾನೆ, ಕೈ ಮುಗಿ."

ಅಯ್ಯೋ, ಸುಮ್ಮನೆ ಕೂತಿದ್ದವನನ್ನು ಎತ್ತಿಕೊಂಡು ಹೋಗಿ ಹೂತರು ಅಂದುಕೊಂಡಿತಲ್ಲ ಕೂಸು! ಈ ಮನೆಯಲ್ಲಿ ಯಾರೂ 'ಸತ್ತ' ಎನ್ನಲಿಲ್ಲ. ಲಿಂಗೈಕ್ಯರಾದರು ಎಂದರು, ಶಿವನ ಪಾದ ಸೇರಿದರು ಎಂದರು. ನೀಲಾಂಬಿಕಳ ಬಾಯಿಂದಂತೂ ಆ ಮಾತು ಹೊರಟೇ ಇರಲಿಲ್ಲ. ಕಣ್ಣೀರೂ ಬಂದಿರಲಿಲ್ಲ.

"ನೀವಿಬ್ರೂ ಹೊರಗ್ ನಡೀರಿ," ಎಂದಳು.

ಮಗುವಿನ ಮೈ ಒರೆಸಿ ಬೇರೆ ಲಂಗ ತೊಡಿಸಿದಳು. ಆಮೇಲೆ ಹೋಗಿ ಅದೇ ಗೋಡೆಗೆ ಒರಗಿ ಕೂತುಬಿಟ್ಟಳು.

"ಏಳಜ್ಜೀ! ಏಳು!" ಚೈತ್ರ ಓಡಿ ಬಂದಳು.

"ಜಗ್ಗು ನೋಡಾನ."

ಮಗು ಕಾಲೂರಿ ಜಗ್ಗಿತು. ಮಂಡಿಯ ನೋವಿಗೆ ಹಲ್ಲು ಕಚ್ಚಿ ಎದ್ದ ನೀಲಾಂಬಿಕ, "ಎದ್ನಾ ಇಲ್ವಾ?" ಎಂದು ಮತ್ತೆ ಕೂತಳು. ಈ ಸಲ ಚೈತ್ರ ಜಗ್ಗಲಿಲ್ಲ.

"ಅಜ್ಜನ್ನ ಯಾಕೆ ಯಾರೂ ಜಗ್ಗಲಿಲ್ಲ? ನಾ ಜಗ್ಗಿದ್ರೆ ಏಳ್ತಿದ್ದ."

ಶಿವ, ಪಾದ ಎಂಬ ಅವೇ ಮಾತುಗಳು ನೀಲಾಂಬಿಕಳ ನಾಲಿಗೆಯ ತುದಿಗೆ ಬಂದವು. ನುಂಗಿಕೊಂಡಳು.

"ಏಳ್ತಿರಲಿಲ್ಲ ಕೂಸೇ. ಅಜ್ಜ ಸತ್ತಿದ್ದ. ಹಾಸಿಗಿ ಮ್ಯಾಲೆ ಸತ್ತಿದ್ದ. ಕುಂತಿದ್ದಕ್ಕೆ ಸಾಯಲಿಲ್ಲ. ಸತ್ತ ಮ್ಯಾಲೆ ನಾವು ಕುಂದ್ರಿಸಿದ್ವಿ."

"ಮಣ್ಣು ಹಾಕ್ದಾಗ ನೋವಾಗಲಿಲ್ವಾ?"

"ಸತ್ತೋರಿಗೆ ನೋವಿರಲ್ಲ. ಉಸಿರೇ ಇರಲ್ಲ."

ಚೈತ್ರ ಅಜ್ಜಿಯ ಮೂಗಿನ ಕೆಳಗೆ ಬೆರಳಿಟ್ಟಳು. ಬಹಳ ಹೊತ್ತು ಇಟ್ಟುಕೊಂಡೇ ಇದ್ದಳು. ಆಮೇಲೆ ಲಂಗ ಎತ್ತಿಕೊಂಡು ಮೊಣಕಾಲು ಬಗ್ಗಿಸಿದಳು, ಅರ್ಧಕ್ಕೇ ನಿಂತಳು, ಬಾಗಿಲ ಕಡೆ ನೋಡಿ ಗಕ್ಕನೆ ಎದ್ದಳು. ನೀಲಾಂಬಿಕ ಕೈ ಚಾಚಲಿಲ್ಲ, ಬಾ ಎನ್ನಲಿಲ್ಲ. ಮಗು ಮತ್ತೆ ಬಗ್ಗಿತು. ಮೆಲ್ಲಗೆ ಅಜ್ಜಿಯ ಪಕ್ಕದಲ್ಲಿ ಕೂತು, ತನ್ನ ಮೂಗಿನ ಕೆಳಗೂ ಬೆರಳಿಟ್ಟುಕೊಂಡಿತು.

ತಾನು ಆಡಿದ ಮಾತು ಈಗ ನೀಲಾಂಬಿಕಳಿಗೇ ತಾಗಿತು. ಸತ್ತ. ನನ್ನ ಗಂಡ ಸತ್ತ. ಸೆರಗು ಬಾಯಿಗೊತ್ತಿದರೂ ತಡೆಯಲಾಗದೆ ಗೊಳೋ ಎಂದು ಅತ್ತಳು.

ಜ್ಯೋತಿಲಕ್ಷ್ಮಿ ಗಾಬರಿಯಿಂದ ಓಡಿ ಬಂದಳು. "ಏಳ್ರಿ ಅತ್ತಿ, ಒಳಗ್ ಬರ್ರಿ," ಎಂದು ರಟ್ಟೆಗೆ ಕೈ ಹಾಕಿದಳು.

ಚೈತ್ರ ಅಮ್ಮನ ಕೈ ಸರಿಸಿದಳು.

"ಎಬ್ಬಿಸಬ್ಯಾಡ. ಅಜ್ಜಿ ಕುಂತಿರ್ಲಿ," ಎಂದು ಕಾಲು ಚಾಚಿಕೊಂಡು ಅಲ್ಲೇ ಕೂತಿದ್ದಳು.