ಸರದಿಕೋಲು

"ಒಂದು ಶುಕ್ರವಾರಕ್ಕೆ ಒಟ್ಟು ಎಷ್ಟು ಗಂಟೆ ಮಾರಾಯ?"

ಕಮಲಾಕ್ಷ ಗಟ್ಟಿಯಾಗಿಯೇ ಕೇಳಿದ. ವಾರದ ರಜೆ, ಕೋಣೆಯಲ್ಲಿ ಯಾರೂ ಇರಲಿಲ್ಲ. ಕೊಲ್ಲಿದೇಶದ ಸಲ್ಮಾಬಾದಿನ ಆ ಕೋಣೆಯಲ್ಲಿ ಹತ್ತೊಂಬತ್ತು ವರ್ಷ ಎದುರು ಮಂಚದಲ್ಲಿ ಗೊರಕೆ ಹೊಡೆದ ಸರ್ವೋತ್ತಮ ವೀಸಾ ಕ್ಯಾನ್ಸಲ್ ಮಾಡಿಸಿಕೊಂಡು ಊರಿಗೆ ಹೋಗಿ ಆರು ತಿಂಗಳಾಗಿತ್ತು. ಆ ಮಂಚಕ್ಕೀಗ ರಾತ್ರಿಪಾಳಿಯವನೊಬ್ಬ ಬಂದಿದ್ದ. ಕಮಲಾಕ್ಷ ಕೆಲಸ ಮುಗಿಸಿ ಬರುವಾಗ ಅವನು ಹೊರಟಾಗಿರುತ್ತಿತ್ತು. ರಜೆಯ ದಿನವೂ ಆ ಹೊಸಬ ಬುಸೈತೀನಿನಲ್ಲಿರುವ ಅಣ್ಣನ ಮನೆ ಸೇರುತ್ತಿದ್ದ. ಅವನ ಹೊದಿಕೆಯ ಗುರುತಿತ್ತು, ಮುಖದ್ದಿರಲಿಲ್ಲ. ಕಮಲಾಕ್ಷನ ಹೆಂಡತಿ ಕುಸುಮಾವತಿ ತೀರಿಕೊಂಡು ಐದು ವರ್ಷ. ಮಗಳು ತೃಷಾ ಗಂಡನ ಮನೆಯಿಂದ ಫೋನು ಮಾಡಿ "ಊಟ ಆಯ್ತಾ ಪಪ್ಪ?" ಎಂದು ಕೇಳುತ್ತಿದ್ದಳು. ಆಯ್ತು ಎಂದರೆ ಮಾತು ಮುಗಿಯುತ್ತಿತ್ತು. ಆಗಲಿಲ್ಲ ಎನ್ನಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ.

ಅದೇ ವಾರ ಅವನು ವೆಲ್ಡಿಂಗ್ ಮಾಡುವ ವರ್ಕ್‌ಶಾಪಿಗೆ ವಿಚಿತ್ರ ಆರ್ಡರ್ ಬಂತು. ಒಂದು ಕಾಲಿನ ಮೇಲೆ ಅಡ್ಡಪಟ್ಟಿ, ಪಟ್ಟಿಯ ಎರಡು ತುದಿಗಳಿಂದ ಆಕಾಶಕ್ಕೆ ಎದ್ದ ಎರಡು ಕೊಂಬು. ಹಮದ್ ಟೌನಿನ ಮೈದಾನಕ್ಕೆ ಅಂಥ ಎರಡು ಗೋಲ್‌ಕಂಬ ಬೇಕಂತೆ. ಅಮೆರಿಕದವರು ಫುಟ್‌ಬಾಲ್ ಅಂತ ಕರೆಯುವ, ಕಾಲಿಗಿಂತ ಕೈಗೇ ಹೆಚ್ಚು ಕೆಲಸವಿರುವ ಆಟ. ಒಬ್ಬ ಅರ್ಬಾಬ್, ಎಂದರೆ ಅಲ್ಲಿಯ ಅರಬ್ ಧಣಿ, ಸಂಬಳ ಕೊಟ್ಟು ತಂಡ ಕಟ್ಟಿದ್ದರು, ಹೆಸರು ಡೈವರ್ಸ್. ದುಡ್ಡು ತೆಗೆದುಕೊಂಡು ಈ ಆಟ ಆಡುವವರನ್ನು ಕಮಲಾಕ್ಷ ಅಲ್ಲಿಯವರೆಗೆ ಕಂಡಿರಲಿಲ್ಲ.

ಕಂಬ ನೆಡಲು ಹೋದ ದಿನ ತಂಡದ ಮ್ಯಾನೇಜರ್ ರೊನಾಲ್ಡ್ ಅವನ ಮಾತಿನ ರಾಗ ಹಿಡಿದೇ ಕೇಳಿದರು. "ಕಾರ್ಕಳ ಕಡೆಯವ್ರಾ ನೀವು?"

"ಹೌದು ಸರ್. ಬಜಗೋಳಿ."

"ನಾವು ಮೂಡಬಿದ್ರೆ! ಇಷ್ಟು ಹತ್ರ ಇದ್ದು ಇಷ್ಟು ದೂರ ಬಂದು ಸಿಕ್ಕಿದ್ದಲ್ಲ ಮಾರಾಯ್ರೆ. ಶುಕ್ರವಾರ ಎಂತ ಕೆಲಸ ಉಂಟು ನಿಮ್ಗೆ?"

ಎಂತದೂ ಇರಲಿಲ್ಲ. ಹಾಗೆ ಅವನ ಕೈಗೆ ಕೋಲು ಬಂತು.

ಆ ಆಟದಲ್ಲಿ ಚೆಂಡು ಹಿಡಿದ ತಂಡ ನಾಲ್ಕು ಸರದಿಯೊಳಗೆ ಹತ್ತು ಗಜ ಮುಂದೆ ಹೋಗಬೇಕು. ಹೋಗದಿದ್ದರೆ ಚೆಂಡು ಎದುರಾಳಿಗೆ. ಎಷ್ಟನೆಯ ಸರದಿ ನಡೆಯುತ್ತಿದೆ ಎಂದು ಎಲ್ಲರಿಗೂ ಕಾಣುವಂತೆ ಬದಿಗೆರೆಯಾಚೆ ಒಬ್ಬ ಕೋಲು ಹಿಡಿದು ನಿಲ್ಲಬೇಕು. ಕಬ್ಬಿಣದ ಆ ಕೋಲಿನ ತುದಿಗೆ ಒಂದರಿಂದ ನಾಲ್ಕರವರೆಗೆ ಬರೆದ ತಗಡುಗಳನ್ನು ಕ್ಯಾಲೆಂಡರಿನ ಹಾಳೆಗಳ ಹಾಗೆ ತೂಗುಹಾಕಿ ಕೊಟ್ಟವನೂ ಕಮಲಾಕ್ಷನೇ. ಒಂದೊಂದು ಸರದಿ ಮುಗಿದಾಗಲೂ ಒಂದು ತಗಡು ಮಗುಚುವುದು. ಇಷ್ಟೇ ಕೆಲಸ.

ಇಷ್ಟೇ ಕೆಲಸವನ್ನು ಅವನು ಪೂಜೆಯಂತೆ ಮಾಡಿದ. ಎಳವೆಯಲ್ಲಿ ಅವನ ತಂದೆ ದೀಪ ಹಚ್ಚುವ ಹೊತ್ತಿಗೆ ಚಾವಡಿಯಲ್ಲಿ ಕೂತು ಷಟ್ಪದಿ ಓದುತ್ತಿದ್ದರು. ಕಂಬಕ್ಕೆ ಒರಗಿ ಕೇಳುತ್ತಿದ್ದ ಹುಡುಗನಿಗೆ ಅರ್ಥ ಅರೆಬರೆ, ಸಾಲು ಮಾತ್ರ ಸಾಲಾಗಿಯೇ ಕಿವಿಯಲ್ಲಿ ಕೂರುತ್ತಿತ್ತು. ಆಟವನ್ನೂ ಅವನು ಹಾಗೆಯೇ ಹಿಡಿದಿಟ್ಟುಕೊಂಡ. 'ಒಂದು, ಎಡಕ್ಕೆ ಓಟ, ಎರಡು ಗಜ. ಎರಡು, ಎಸೆತ, ನೆಲಕ್ಕೆ' ಎಂದು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದ. ಸೋಮವಾರ ಗ್ರಿಲ್ಲಿಗೆ ಬೆಸುಗೆ ಹಾಕುವಾಗಲೂ ಇಡೀ ಆಟ ಮೊದಲಿನಿಂದ ಕೊನೆಯವರೆಗೆ ಬಾಯಿಗೆ ಬರುತ್ತಿತ್ತು.

"ಎಂತ ಕಮಲಾಕ್ಷಣ್ಣ, ನಿಮ್ಮ ಗುದ್ದಾಟದವ್ರು ಈ ಸಲವೂ ಮುಗ್ಗರಿಸಿದ್ರಾ?" ಎಂದು ಪಕ್ಕದ ಮೇಜಿನ ಶೈಲೇಶ್ ಕೆಣಕುತ್ತಿದ್ದ.

ಮುಗ್ಗರಿಸಿದ್ದು ನಿಜ. ಎಂಟು ಶುಕ್ರವಾರಗಳ ಸೀಸನ್ನಿನಲ್ಲಿ ಏಳು ಮುಗಿದಾಗ ಡೈವರ್ಸ್ ಗೆದ್ದದ್ದು ಒಂದೇ. ನೋಡಲು ಬರುತ್ತಿದ್ದವರು ಇಪ್ಪತ್ತೋ ಮೂವತ್ತೋ ಜನ. ಆದರೂ ಪ್ರತಿ ಆಟ ಮುಗಿದ ಮೇಲೆ ರೊನಾಲ್ಡ್ ಕಾರಿನ ಡಿಕ್ಕಿ ತೆರೆಯುತ್ತಿದ್ದರು. ಅವರ ಹೆಂಡತಿ ಹೆಲೆನ್ ಕಟ್ಟಿಕೊಟ್ಟ ಸಾನ್ನ ಇಡ್ಲಿ, ಕೋಳಿ ಸುಕ್ಕ. ದೈತ್ಯದೇಹದ ಹುಡುಗರು ಸುತ್ತ ಕೂತು ತಿನ್ನುವಾಗ ಒಬ್ಬ ಕಮಲಾಕ್ಷನ ತಟ್ಟೆಗೂ ಬಡಿಸುತ್ತಿದ್ದ, ಇನ್ನೊಬ್ಬ ಬೆನ್ನು ತಟ್ಟಿ "ಚೀಫ್" ಎನ್ನುತ್ತಿದ್ದ. ವಾರದಲ್ಲಿ ಅವನು ಇನ್ನೊಬ್ಬರ ಪಕ್ಕದಲ್ಲಿ ಕೂತು ಉಣ್ಣುತ್ತಿದ್ದ ಊಟ ಅದೊಂದೇ.

ಅರ್ಬಾಬ್ ಹೇಳಿಬಿಟ್ಟಿದ್ದರು: ಎರಡಾದರೂ ಗೆಲುವು ಬೇಕು, ಇಲ್ಲವಾದರೆ ಮುಂದಿನ ವರ್ಷ ತಂಡವಿಲ್ಲ.

ಕೊನೆಯ ಆಟ ಸೇತುವೆಯಾಚೆ ಪಕ್ಕದ ದೇಶದ ಖೋಬರಿನಿಂದ ಬಂದವರ ಎದುರು. ಡಿಸೆಂಬರಿನ ಸೂರ್ಯ ಐದಕ್ಕೆ ಮೊದಲೇ ಇಳಿದ. ಡೈವರ್ಸ್ ನಾಲ್ಕು ಅಂಕ ಹಿಂದೆ, ಚೆಂಡು ಅವರದೇ, ಉಳಿದದ್ದು ಎರಡು ನಿಮಿಷ. ಮೊದಲ ಸರದಿ ಓಟ, ಎರಡು ಗಜ. ಎರಡನೆಯದು ಎಸೆತ, ನೆಲಕ್ಕೆ. ಕಮಲಾಕ್ಷ ತಗಡು ಮಗುಚಿ ಮೂರು ಕಾಣಿಸಿದ. ಅಷ್ಟರಲ್ಲಿ ಸಂಜೆಯ ಮಗ್ರಿಬಿನ ಬಾಂಗ್ ಕೇಳಿತು. ರೆಫರಿ ಆಟ ನಿಲ್ಲಿಸಿದರು, ಕೆಲವು ಆಟಗಾರರು ಮೂಲೆಗೆ ಹೋಗಿ ನಮಾಜಿಗೆ ನಿಂತರು.

ದೀಪ ಹಚ್ಚುವ ಹೊತ್ತಿಗೆ ಕೈಯಲ್ಲಿ ಕಬ್ಬಿಣ ಇರಬಾರದೆಂಬುದು ಕಮಲಾಕ್ಷನ ಮನೆಯ ಪದ್ಧತಿ. ಬಾಂಗ್ ಕೇಳಿದಾಗ ಅವನ ಕೈ ತಾನಾಗಿ ಸಡಿಲವಾಗುತ್ತಿತ್ತು. ಹಿಂದಿನ ಆಟಗಳು ಕತ್ತಲಾಗುವ ಮೊದಲೇ ಮುಗಿದಿದ್ದವು. ಅವತ್ತು ಅವನು ಕೋಲನ್ನು ಮೆಲ್ಲಗೆ ಹುಲ್ಲಿನ ಮೇಲೆ ಮಲಗಿಸಿ, ಟೊಪ್ಪಿ ತೆಗೆದು, ಕಣ್ಣು ಮುಚ್ಚಿ ಕೈಮುಗಿದು ನಿಂತ.

ಹತ್ತು ನಿಮಿಷದ ನಂತರ ಎತ್ತಿದಾಗ ಒಂದು ತಗಡು ಹಿಂದಕ್ಕೆ ಮಗುಚಿಕೊಂಡಿತ್ತು. ಕೋಲು ಎರಡು ಎನ್ನುತ್ತಿತ್ತು. ರೆಫರಿ ಕೋಲು ನೋಡಿ ಎರಡು ಬೆರಳೆತ್ತಿದರು. ಕಮಲಾಕ್ಷ ಕೋಲನ್ನೊಮ್ಮೆ, ರೆಫರಿಯನ್ನೊಮ್ಮೆ ನೋಡಿದ. ಆಟ ಬಲ್ಲವರು ಅವರು, ನಾನು ಗೇಟು ಮಾಡುವವ, ಅವರಿಗೆ ಏನೋ ಲೆಕ್ಕವಿರಬೇಕು ಎಂದು ಸುಮ್ಮನಾದ. ಮತ್ತೊಂದು ಸರದಿ, ಮತ್ತೊಂದು, ಹತ್ತು ಗಜ ಆಗಲೇ ಇಲ್ಲ. ಅದಾದ ಮೇಲಿನ ಕೊನೆಯ ಸರದಿಯಲ್ಲಿ ಡೈವರ್ಸಿನ ಲೆಬನಾನಿ ಹುಡುಗನೊಬ್ಬ ಮೂವರನ್ನು ಎಳೆದುಕೊಂಡೇ ಕೊನೆಯ ಗೆರೆ ದಾಟಿ ಬಿದ್ದ. ಆರು ಅಂಕ, ಗೆಲುವು. ಇಡೀ ತಂಡ ಅವನ ಮೇಲೆ ಬಿತ್ತು. ಕೋಲು ನಾಲ್ಕು ಎನ್ನುತ್ತಿತ್ತು. ಕಮಲಾಕ್ಷನ ತುಟಿ ಐದಕ್ಕೆ ಬಂದು ನಿಂತಿತ್ತು.

ಖೋಬರಿನವರ ಕೋಚ್ ಐದು ಬೆರಳು ತೋರಿಸಿ ಕೂಗಾಡಿದ. ವಿಡಿಯೊ ನೋಡೋಣವೆಂದರೆ ಕ್ಯಾಮೆರಾದ ಬ್ಯಾಟರಿ ನಮಾಜಿನ ಹೊತ್ತಿಗೇ ಸತ್ತಿತ್ತು. ಕೊನೆಗೆ ತೀರ್ಮಾನವಾದದ್ದು ಇಷ್ಟು: ಶನಿವಾರ ನಾಲ್ಕಕ್ಕೆ ಲೀಗಿನವರು ಫೋನು ಮಾಡುತ್ತಾರೆ, ಕೋಲು ಹಿಡಿದವನು ಹೇಳಿದ್ದೇ ಕೊನೆ.

ಶನಿವಾರ ಬೆಳಗಿನಿಂದ ಕಮಲಾಕ್ಷ ಬೆಸುಗೆಯ ಕನ್ನಡಕದ ಹಿಂದೆ ಆ ಸಾಲುಗಳನ್ನು ನಾಲ್ಕಕ್ಕೆ ಇಳಿಸಲು ನೋಡಿದ. ಮೂರನೆಯದನ್ನು ಬಿಟ್ಟು ಹೇಳಿದ. ನಾಲಗೆ ತಡೆದು ಹಿಂದಕ್ಕೆ ಹೋಗಿ ಮೂರನೆಯದನ್ನು ಎತ್ತಿಕೊಂಡೇ ಬಂತು. ಎರಡನೆಯದನ್ನು ಬಿಟ್ಟು ನೋಡಿದ. ಅದೂ ಆಗಲಿಲ್ಲ. ಮುಂದಿನ ವರ್ಷದ ಶುಕ್ರವಾರಗಳು ಒಂದರ ಹಿಂದೊಂದು ಖಾಲಿ ಮಂಚದ ಕೋಣೆಯಲ್ಲಿ ಸಾಲಾಗಿ ನಿಂತದ್ದು ಕಾಣಿಸಿತು. ಕೃಷ್ಣಾ, ಎಂದ.

ಮೂರೂವರೆಗೆ ರೊನಾಲ್ಡ್ ಬಂದರು. ಕೈಯಲ್ಲಿ ಹೆಲೆನ್ ಕೊಟ್ಟ ಬುತ್ತಿ.

"ಊಟ ಮಾಡಿದ್ರಾ?"

"ಇಲ್ಲ ಸರ್."

ಬುತ್ತಿಯನ್ನು ಮೇಜಿನ ಮೇಲಿಟ್ಟು ಅವರು ಒಂದು ಡ್ರಮ್ಮಿನ ಮೇಲೆ ಕೂತರು. "ನಂಗೂ ಗೊತ್ತುಂಟು ಕಮಲಾಕ್ಷಣ್ಣ. ನಾನೂ ಎಣಿಸಿದ್ದೆ. ಐದು."

"ಕೋಲು ಮಲಗಿಸಿದ್ದು ನಾನು ಸರ್. ತಪ್ಪು ನಂದೇ."

"ತಪ್ಪಿನ ಮಾತು ಯಾರು ಆಡಿದ್ದು ಮಾರಾಯ್ರೆ? ಆ ಲೆಬನಾನಿನವ ಜಿಮ್ಮಿನ ಕೆಲಸ ಬಿಟ್ಟು ಬಂದದ್ದು. ಇನ್ನೂ ಎಷ್ಟು ಜನ ಇದ್ದಾರೆ. ನಾಲ್ಕು ಅಂತ ಹೇಳಿದ್ರೆ ಯಾರಿಗೆ ಎಂತ ಹೋಗ್ತದೆ? ಖೋಬರಿನವ್ರು ಆರು ಗೆದ್ದಿದ್ದಾರೆ, ಒಂದು ಸೋತ್ರೆ ಸಾಯ್ತಾರಾ?" ತಾನೇ ನಕ್ಕು ಸೇರಿಸಿದರು, "ಪಾಪ ನನ್ನ ತಲೆಗಿರ್ಲಿ. ಈ ವಾರ ಇಗರ್ಜಿಗೆ ಹೋದಾಗ ಫಾದರ್ ಹತ್ರ ಹೇಳ್ತೇನೆ. ನಿಮ್ಗೆ ಅದೂ ಬೇಡ."

ಕಮಲಾಕ್ಷ ನಗಲಿಲ್ಲ. "ನೀವು ನಂಗೆ ಹೇಳಿಕೊಡ್ಬೇಡಿ ಸರ್. ಈ ಟೀಮು ಹೋದ್ರೆ ನಂಗೆ ಎಂತ ಉಳೀತದೆ ಅಂತ ನಂಗೆ ಗೊತ್ತುಂಟು. ಬೆಳಿಗ್ಗೆಯಿಂದ ನೋಡಿದೆ. ಬಾಯಿಗೆ ಬರುದಿಲ್ಲ."

"ಬಾಯಿಗೆ ಬರುದಿಲ್ಲ ಅಂದ್ರೆ?"

"ಬರುದಿಲ್ಲ."

ರೊನಾಲ್ಡರ ಜೇಬಿನಲ್ಲಿ ಫೋನು ಗುಂಯ್‌ಗುಟ್ಟಿತು. ಅವರು ಪರದೆ ನೋಡಿದರು, ಅವನನ್ನು ನೋಡಿದರು. ಅವರ ಮುಖದಲ್ಲಿ ಮ್ಯಾನೇಜರಿಕೆ ಒಂದಿಷ್ಟೂ ಉಳಿದಿರಲಿಲ್ಲ.

"ಸುಳ್ಳು ಬೇಡ ಅಣ್ಣಾ, ಆಯ್ತು. ನೆನಪಿಲ್ಲ ಅಂತ ಹೇಳಿ. ಅಷ್ಟೇ ಸಾಕು, ರೆಫರಿ ಕೊಟ್ಟದ್ದೇ ನಿಲ್ತದೆ, ಗೆಲುವು ನಮ್ಗೇ ಉಳೀತದೆ. ಕೈ ಮುಗೀತೇನೆ. ಹೇಳ್ತೀರಲ್ಲ?"

ಕಮಲಾಕ್ಷ ಕೈಗವಸು ಕಳಚಿ, ಅಂಗೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಫೋನಿಗಾಗಿ ಕೈ ಚಾಚಿದ.

"ಇಲ್ಲ ಸರ್. ಅದನ್ನೂ ಹೇಳುದಿಲ್ಲ."