ಒರಳು ಅಲ್ಲಿ, ಒನಕೆ ಇಲ್ಲಿ

ಓಣಿಯ ಬಾಯಿಗೆ ಬಂದದ್ದೇ ಮಲ್ಕಮ್ಮ ತಟ್ಟನೆ ತಲೆ ಬಗ್ಗಿಸಿದಳು. ಅವಳ ಹಿಂದೆ, ಅವಳ ಒನಕೆಯನ್ನು ಹೆಗಲ ಮೇಲೆ ಹೊತ್ತು ಬರುತ್ತಿದ್ದ ನಾನು, ಎದುರಿಗೆ ತಂತಿಯೋ ಜೇನುಹುಟ್ಟೋ ಇರಬೇಕೆಂದುಕೊಂಡು ಅವಳಿಗಿಂತ ಒಂದು ಗೇಣು ಹೆಚ್ಚೇ ಬಗ್ಗಿದೆ. ನಾನು ಬಗ್ಗಿದ ರಭಸಕ್ಕೆ ಒನಕೆಯ ಹಿಂದಿನ ತುದಿ ಮೇಲೆದ್ದು, ಅಂಗಡಿಯೊಂದರ ಮುಂದೆ ತೂಗುಬಿಟ್ಟಿದ್ದ ಕೆಂಪು ಬಾಳೆಯ ಗೊನೆಯನ್ನು ಕೊಕ್ಕೆಯಿಂದ ಬಿಡಿಸಿ ಧೂಳಿಗಿಳಿಸಿತು. ಗೊನೆ ನಮ್ಮ ಕಮಲಾಪುರದ್ದೇ. ಕೊನೆಗೂ ಊರಿನವನ ಕೈಯಲ್ಲಿಯೇ ಅದಕ್ಕೆ ಸದ್ಗತಿ ದೊರೆಯಿತು. ಅಂಗಡಿಯ ಸಿಕಂದರ್ ನನ್ನ ಕರಿಯ ಟೋಪಿಯನ್ನೂ ಹೆಗಲ ಮೇಲಿನ ಒನಕೆಯನ್ನೂ ಸಾವಕಾಶವಾಗಿ ನೋಡಿ, “ಪೊಲೀಸ್ ಆ್ಯಕ್ಷನ್ ಮುಗದು ಆರ ವರ್ಷ ಆತ್ರೀ ಸಾಹೇಬ್ರ. ಇನ್ನಾ ಹತಿಯಾರ ಹೊತಗೊಂಡೇ ತಿರಗತೀರಲ್ಲ,” ಎಂದ. ಚಹಾ ಕುಡಿಯುತ್ತಿದ್ದವರೆಲ್ಲ ನಕ್ಕರು. ನಾನು ತಲೆಯೆತ್ತಿ ನೋಡಿದರೆ ತಂತಿಯಿಲ್ಲ, ಜೇನಿಲ್ಲ. ಡಿಸೆಂಬರಿನ ನಿರ್ಮಲವಾದ, ನಿರಪರಾಧಿಯಾದ ಆಕಾಶವೊಂದೇ ಇತ್ತು.

ಒಂದು ಕಾಲಕ್ಕೆ ಅಲ್ಲಿ ಕಲ್ಲಿನ ಕುಳ್ಳ ಕಮಾನೊಂದಿತ್ತಂತೆ. ರಸ್ತೆ ಅಗಲ ಮಾಡುವಾಗ ಅದನ್ನು ಕೆಡವಿದರು. ಕೆಡವಿದವರು ಮಲ್ಕಮ್ಮನನ್ನು ಕೇಳಿರಲಿಲ್ಲ. ಆದ್ದರಿಂದ ಮಲ್ಕಮ್ಮನೂ ಆ ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ಕಮಲಾಪುರದಲ್ಲಿ ಆಕೆ ನಮ್ಮ ಪಕ್ಕದ ಮನೆಯವಳು. ಅಷ್ಟೆತ್ತರದ ಹೆಂಗಸು ಊರಿನಲ್ಲಿ ಇನ್ನೊಬ್ಬಳಿರಲಿಲ್ಲ. ಬಾವಿಯಿಂದ ಭಾರವಾದ ಕೊಡವನ್ನು ಎಳೆಯುತ್ತ ಎಳೆಯುತ್ತಲೇ ನಡೆದು ಬಂದವಳ ಹಾಗೆ, ತುಸು ಹಿಂದಕ್ಕೆ ವಾಲಿದ, ಅವಸರವಿಲ್ಲದ, ಆದರೆ ಯಾರಿಂದಲೂ ತಡೆಯಲಾಗದ ನಡಿಗೆ. ಸೀರೆಯ ಮೇಲೆ ಗಂಡ ಖಂಡೆಪ್ಪನ ಕರಿಯ ಉಣ್ಣೆಯ ಕೋಟು. ಖಂಡೆಪ್ಪ ಆರೋಗ್ಯವಾಗಿಯೇ ಇದ್ದ. ಹೆಂಡತಿಯ ಈ ವಾರ್ಷಿಕ ಯಾತ್ರೆಗೆ ತಾನು ಬರಲೊಲ್ಲದೆ ಕೋಟನ್ನು ಪ್ರತಿನಿಧಿಯಾಗಿ ಕಳಿಸುತ್ತಿದ್ದ. “ಇರ್ಲಿ ಬಿಡ್ರಿ” ಎಂಬುದು ಅವಳ ಮಾತಿನ ಊರುಗೋಲು. ಅದನ್ನು ಕೇಳಿದವರು ಆಕೆ ಸೋತಳೆಂದು ತಿಳಿಯುತ್ತಿದ್ದರು. ಹಾಗೆ ತಿಳಿದವರಲ್ಲಿ ಗೆದ್ದವರನ್ನು ನಾನು ಕಂಡಿಲ್ಲ.

ಯಾತ್ರೆಯ ಮೂಲ ಒಂದು ಒರಳು. ಅವಳ ಬಾಯಲ್ಲಿ ಒಳ್ಳ. ಕಲಬುರಗಿಯ ಕೋಟೆಯ ಹಿಂದಿನ ಆ ಓಣಿಯಲ್ಲಿ, ಅವಳು ಹುಟ್ಟಿದ ಮನೆಯ ಪಡಸಾಲೆಯ ನೆಲದಲ್ಲಿ ಹೂತಿದ್ದ ಕರಿಕಲ್ಲಿನ ಒರಳು. ಎಳ್ಳಮಾವಾಸ್ಯೆಯ ಮುಂಚೆ ಹೊಸ ಶೇಂಗಾ ಹುರಿದುಕೊಂಡು ಅಲ್ಲಿಗೆ ಹೋಗಿ ರೊಟ್ಟಿಗೆ ಹಚ್ಚಿಕೊಳ್ಳುವ ಖಾರದ ಹಿಂಡಿ ಕುಟ್ಟಿಕೊಂಡು ಬರುವುದು ಮದುವೆಯಾದಂದಿನಿಂದ ಅವಳ ವ್ರತ. ಆ ಒರಳಿನಲ್ಲಿ ಕುಟ್ಟಿದ್ದು ಹಿಂಡಿ, ಉಳಿದದ್ದೆಲ್ಲ ಪುಡಿ. ಅಣ್ಣ ಮಾಳಿಂಗಪ್ಪ ರಜಾಕಾರರ ಹಾವಳಿಯಲ್ಲಿ ಸೊಲ್ಲಾಪುರಕ್ಕೆ ಹೋದವನು ಅಲ್ಲಿಯೇ ಗಿರಣಿ ಸೇರಿ, ಭಾರತದ ಸೈನ್ಯ ಬಂದು ಅವರನ್ನಡಗಿಸಿದ ಪೊಲೀಸ್ ಆ್ಯಕ್ಷನ್ನಿನ ಮರುವರ್ಷ ಮನೆಯನ್ನು ಮಾರಿಬಿಟ್ಟ. ಬೇಕಾದದ್ದು ತೆಗೆದುಕೋ ಎಂದು ತಂಗಿಗೆ ಹೇಳಿದಾಗ ಆಕೆ ತಾಮ್ರದ ಹಂಡೆಯನ್ನು ಬಿಟ್ಟು ಒನಕೆಯನ್ನು ತಂದಳು. ಹೀಗೆ ಒರಳು ಅಲ್ಲಿ, ಒನಕೆ ಇಲ್ಲಿ, ನಡುವೆ ಮಹಾಗಾಂವವೆಂಬ ಇನ್ನೊಂದು ಊರು. ಆ ಡಿಸೆಂಬರಿನಲ್ಲಿಯೂ ಆಕೆ ಹೊರಟು ನಿಂತಾಗ ಖಂಡೆಪ್ಪ, ಮನೆಯೇ ಹೋದಮೇಲೆ ಇನ್ನೆಲ್ಲಿಗೆ ಎಂದು ಕೇಳಿದನಂತೆ. “ಅಣ್ಣ ಮನಿ ಮಾರ್ಯಾನ. ಒಳ್ಳ ಮಾರಿಲ್ಲ,” ಎಂದು ಕೋಟು ಹಾಕಿಕೊಂಡಳಂತೆ. ಅಂದಿನಿಂದ ವರ್ಷವರ್ಷವೂ ಪರರ ಪಡಸಾಲೆಯಲ್ಲಿಯೇ ಕುಟ್ಟಿಕೊಂಡು ಬರುತ್ತಿದ್ದಳು.

ರಜಾಕಾರರ ವರ್ಷವೂ ಯಾತ್ರೆ ತಪ್ಪಿರಲಿಲ್ಲ. ದಾರಿಯಲ್ಲಿ ಬಂದೂಕಿನವರು ಗಾಡಿ ತಡೆದು, ಚೀಲ ತಿವಿದು, “ಕ್ಯಾ ಹೈ ಇಸ್ಮೆ?” ಎಂದರು. ಶೇಂಗಾ ಎಂದಳು. ಊರಲ್ಲಿ ಗೋಲಿ ಹಾರುತ್ತಿರುವಾಗ ನಿನಗೆ ಹಿಂಡಿಯ ಚಿಂತೆಯೇ ಎಂದು ಅವರು ಗದರಿಸಿದ್ದಕ್ಕೆ, “ಇರ್ಲಿ ಬಿಡ್ರಿ. ಗೋಲಿ ಹಾರಿದ ದಿನಾನೂ ರೊಟ್ಟಿಗಿ ಏನರೆ ಬೇಕಲ್ರೀ,” ಎಂದಳಂತೆ. ಒಬ್ಬೊಬ್ಬರು ಒಂದೊಂದು ಹಿಡಿ ಶೇಂಗಾ ತೆಗೆದುಕೊಂಡು ದಾರಿ ಬಿಟ್ಟರು.

ಬಂದೂಕಿಗೆ ಬಗ್ಗದ ಈ ವ್ರತಕ್ಕೆ ಈ ವರ್ಷ ಶಹಾಬಾದ ಕಲ್ಲು ಅಡ್ಡ ಬಂದಿತ್ತು. ಈಗಿನ ಮಾಲಕ ಸೂರ್ಯಕಾಂತ, ಯಾವುದೋ ಕಚೇರಿಯ ಗುಮಾಸ್ತ, ಪಡಸಾಲೆಗೆ ಕಲ್ಲು ಹಾಸಿಸುತ್ತಾನೆ, ಒರಳನ್ನು ಮುಚ್ಚಿಸುತ್ತಾನೆ ಎಂಬ ಸುದ್ದಿ ಕಮಲಾಪುರ ಮುಟ್ಟಿದ ಮರುದಿನವೇ ಮಲ್ಕಮ್ಮ ನನ್ನ ಬಾಗಿಲಲ್ಲಿ ನಿಂತಿದ್ದಳು. “ತಮ್ಮಾ, ನೀ ಕಲತಾಂವ. ನಡಿ,” ಎಂದಳು. ನನ್ನ ವಾಕ್ಚಾತುರ್ಯಕ್ಕೆ ಒದಗಿದ ಈ ಮನ್ನಣೆಗೆ ಉಬ್ಬಿ, ಬಸ್ಸಿನಲ್ಲಿ ದಾರಿಯುದ್ದಕ್ಕೂ ಒಂದು ಭಾಷಣವನ್ನು ಸಿದ್ಧಪಡಿಸಿಕೊಂಡೆ.

ಓಣಿ ಪೂರಾ ಬದಲಾಗಿತ್ತು. ಬೇವಿನ ಮರದ ಜಾಗದಲ್ಲಿ ದೀಪದ ಕಂಬ. ಬಾವಿಯ ಬಾಯಿಗೆ ಬಂಡೆ, ಪಕ್ಕದಲ್ಲಿ ನಲ್ಲಿ. ರಜಾಕಾರರ ಕಾಲದಲ್ಲಿ ಕೆಲವರು ಓಡಿದ್ದರು. ಪೊಲೀಸ್ ಆ್ಯಕ್ಷನ್ ಆದಮೇಲೆ ಇನ್ನು ಕೆಲವರು ಓಡಿದ್ದರು. ಎರಡೂ ಕಡೆಯವರು ಬಾಗಿಲಿಗೆ ಹಾಕಿ ಹೋದದ್ದು ಮಾತ್ರ ಒಂದೇ ತರಹದ ಬೀಗ. ಮಲ್ಕಮ್ಮ ಒಂದು ಬಾಗಿಲ ಮುಂದೆ ನಿಂತು, “ಇದು ಶಾಹಜಾದಿ ಮನಿ,” ಎಂದಳು. ಅಂಗಳದಲ್ಲಿ ಗಡ್ಡ ಹೆರೆದುಕೊಳ್ಳುತ್ತಿದ್ದ ಮಹಾಶಯರೊಬ್ಬರು ತಾವು ಶಾಹಜಾದಿಯಲ್ಲವೆಂದು ಹೇಳಲು ಬಾಯಿ ತೆರೆದು, ಅವಳ ಎತ್ತರವನ್ನು ನೋಡಿ ಮತ್ತೆ ಗಡ್ಡದ ಕೆಲಸಕ್ಕೆ ಮರಳಿದರು. ಶಾಹಜಾದಿ ಬಾಲ್ಯದ ಗೆಳತಿ. ಇಬ್ಬರೂ ಎದುರುಬದುರು ನಿಂತು, ಒಬ್ಬಳ ಪೆಟ್ಟಿನ ಬೆನ್ನಿಗೆ ಇನ್ನೊಬ್ಬಳ ಪೆಟ್ಟು ಬೀಳುವಂತೆ ಅದೇ ಒರಳಿನಲ್ಲಿ ಕುಟ್ಟುತ್ತಿದ್ದವರು. ಮದುವೆಯಾದ ಮೇಲೂ ಮಲ್ಕಮ್ಮ ಬಂದಾಗಲೆಲ್ಲ ಆಕೆ ಒನಕೆ ಹಿಡಿದು ಬರುತ್ತಿದ್ದಳಂತೆ. ಪೊಲೀಸ್ ಆ್ಯಕ್ಷನ್ನಿನ ನಂತರದ ದಿನಗಳಲ್ಲಿ ಆ ಮನೆಯವರು ಎತ್ತ ಹೋದರೋ ಯಾರಿಗೂ ತಿಳಿಯದು.

ಸೂರ್ಯಕಾಂತ ಕಚೇರಿಗೆ ಹೊರಡುವ ಅವಸರದಲ್ಲಿದ್ದ. ಪಡಸಾಲೆಯ ತುಂಬ ಕಲ್ಲು ಹಾಸಿ ಮುಗಿದು, ಒರಳಿನ ಮೇಲಿನ ಕಡೆಯ ಕಲ್ಲೊಂದು ಗೋಡೆಗೆ ಒರಗಿ ಕಾಯುತ್ತಿತ್ತು. ಅದರ ಪಕ್ಕದಲ್ಲಿ ಗೌಂಡಿ ಇಮಾಮುದ್ದೀನ್ ಸುಣ್ಣ ಕಲಸಿಕೊಂಡು ಕುಳಿತಿದ್ದ. ನಾನು ಗಂಟಲು ಸರಿಪಡಿಸಿಕೊಂಡು, “ಪರಂಪರೆಯೆಂಬುದು, ಸೂರ್ಯಕಾಂತರಾಯರೆ...” ಎಂದು ತೊಡಗಿದೆ.

“ನೀವ್ಯಾರ್ರೀ?” ಎಂದ.

“ಒನಕಿ ಹೊರಾಂವ,” ಎಂದಳು ಮಲ್ಕಮ್ಮ.

ನನ್ನ ಭಾಷಣ ಅಲ್ಲಿಗೆ ಮುಗಿಯಿತು.

“ಅಮ್ಮಾರ, ಮನಿ ನಂದು ಅದರೀ,” ಎಂದ ಸೂರ್ಯಕಾಂತ.

“ಹೌದ್ರೀ. ನಾ ಮನಿ ಕೇಳಿಲ್ಲ.”

“ಈ ತೆಗ್ಗಿನಾಗ ಕುರ್ಚಿ ಕಾಲ ಸಿಗತಾವ. ಮೊನ್ನೆ ನಮ್ಮ ಸಾಹೇಬ್ರೇ ಬೀಳತಿದ್ರು. ನೀವ ಇದನ್ನ ಕಿತಗೊಂಡ ಒಯ್ಯರಿ. ಕಮಲಾಪುರ ತನಕ ಗಾಡಿ ನಾ ಮಾಡಿಕೊಡ್ತೀನಿ.”

ನ್ಯಾಯವಾದ ಮಾತು. ನಾನೂ ತಲೆಯಾಡಿಸಿದೆ. ಮಲ್ಕಮ್ಮ ಸೆರಗು ಬಿಗಿದು ಒರಳಿನ ಮುಂದೆ ನಿಂತಳು.

“ಇರ್ಲಿ ಬಿಡ್ರಿ. ಈ ಮನ್ಯಾಗಿಂದ ನನ್ನ ಒಬ್ಬಾಕಿನ್ನ ಕಿತ್ತ ಒಯ್ದದ್ದ ಸಾಕು.”

ಅಡುಗೆಮನೆಯ ಬಾಗಿಲಲ್ಲಿ ಡಬ್ಬಿ ಒರೆಸುತ್ತಿದ್ದ ಸೂರ್ಯಕಾಂತನ ಹೆಂಡತಿ ಕಸ್ತೂರಿಬಾಯಿಯ ಕೈ ಅಲ್ಲಿಯೇ ನಿಂತಿತು.

ಮಲ್ಕಮ್ಮ ಶೇಂಗಾ ಸುರಿದು, ಖಾರ, ಉಪ್ಪು, ಬೆಳ್ಳುಳ್ಳಿ ಹಾಕಿ ಕುಟ್ಟತೊಡಗಿದಳು. “ಅಮ್ಮಾ, ಚೂನಾ ಒಣಗಾಕತ್ತದ,” ಎಂದ ಇಮಾಮುದ್ದೀನ್. “ನೀರ ಹಾಕ್ರಿ,” ಎಂದಳು. ಒಂದು ಪೆಟ್ಟು, ಒಂದು ಬಿಡುವು. ಮತ್ತೆ ಒಂದು ಪೆಟ್ಟು, ಒಂದು ಬಿಡುವು. ವಯಸ್ಸಾಯಿತು, ಉಸಿರು ಸಾಲದೆಂದು ನಾನು ಕನಿಕರಪಟ್ಟೆ. ಆಮೇಲೆ ಗಮನಿಸಿದೆ: ಬಿಡುವು ಬಂದಾಗಲೆಲ್ಲ ಅವಳ ಕಣ್ಣು ಎದುರಿನ ಬರಿ ಜಾಗದ ಮೇಲಿತ್ತು. ಅದು ಶಾಹಜಾದಿಯ ಪೆಟ್ಟಿನ ಜಾಗ. ಮಲ್ಕಮ್ಮ ಅದನ್ನು ಯಾರಿಗೂ ಬಿಟ್ಟುಕೊಡದೆ, ತಾನೂ ತುಂಬದೆ, ಹಾಗೆಯೇ ಕಾದಿಟ್ಟಿದ್ದಳು.

ಕಸ್ತೂರಿಬಾಯಿ ಒಳಗೆ ಹೋದಳು. ಬಂದಾಗ ಕೈಯಲ್ಲಿ ತನ್ನ ಒನಕೆಯಿತ್ತು. ಎದುರಿಗೆ ನಿಂತು ತುಸು ಹೊತ್ತು ಲಯವನ್ನು ನೋಡಿ, ಬಿಡುವಿನೊಳಗೆ ತನ್ನ ಪೆಟ್ಟನ್ನು ಇಳಿಬಿಟ್ಟಳು. ಮರಕ್ಕೆ ಮರ ತಾಗಲಿಲ್ಲ. ಶೇಂಗಾ ಎಣ್ಣೆ ಬಿಡತೊಡಗಿ ಪಡಸಾಲೆಯೆಲ್ಲ ಘಮಘಮಿಸಿತು.

“ನನಗ ಆಫೀಸಿಗಿ ಹೊತ್ತಾಗ್ಯಾದ, ಡಬ್ಬಿ...” ಎಂದ ಸೂರ್ಯಕಾಂತ.

“ಅಲ್ಲೇ ಅದ, ತಗೊಂಡ ಹೋಗ್ರಿ,” ಎಂದಳು ಕಸ್ತೂರಿಬಾಯಿ, ಪೆಟ್ಟು ತಪ್ಪಿಸದೆ. “ಇಮಾಮುದ್ದೀನ್ ಭಾಯಿ, ಆ ಕಡಿ ಕಲ್ಲ ಸುಮ್ಮ ಮ್ಯಾಲ ಇಡ್ರಿ. ಚೂನಾ ಹಚ್ಚಬ್ಯಾಡ್ರಿ. ವರ್ಷಕ್ಕೊಮ್ಮಿ ಎತ್ತಬೇಕಾಗ್ತದ.” ಮತ್ತೆ ಒರಳಿನತ್ತ ಬಗ್ಗಿ, “ಅತ್ತಿ, ಬೆಳ್ಳೊಳ್ಳಿ ಕಡಿಮಿ ಬಿದ್ದಾದ,” ಎಂದಳು.

“ಇರ್ಲಿ ಬಿಡವ್ವಾ,” ಎಂದಳು ಮಲ್ಕಮ್ಮ. ಆ ಮಾತನ್ನಾಡಿ ಆ ಮಾತಿನಂತೆಯೇ ಆಕೆ ನಡೆದದ್ದನ್ನು ಅದೊಂದೇ ಸಲ ನಾನು ಕಂಡದ್ದು. ಬೆಳ್ಳುಳ್ಳಿಯನ್ನು ಕಸ್ತೂರಿಬಾಯಿಯೇ ತಂದು ಹಾಕಿದಳು. ಸೂರ್ಯಕಾಂತ ನನ್ನ ಕಡೆ ನೋಡಿದ. ನಾನು ಒನಕೆ ಹೊರುವವನು, ನನಗೇನು ಗೊತ್ತು?

ಮಧ್ಯಾಹ್ನ ಹಿಂಡಿಯ ಡಬ್ಬಿ ಅವಳ ಕೋಟಿನ ಕಿಸೆಯಲ್ಲಿ, ಒನಕೆ ನನ್ನ ಹೆಗಲಲ್ಲಿ, ಹಿಂದಿರುಗಿದೆವು. ನಮ್ಮನ್ನು ದೂರದಿಂದಲೇ ಕಂಡ ಸಿಕಂದರ್ ಬಾಳೆಗೊನೆಯನ್ನಿಳಿಸಿ ತೊಡೆಯ ಮೇಲಿಟ್ಟುಕೊಂಡ. ಊರುಗಳ ನಕಾಶೆ ಕಚೇರಿಯ ಕಪಾಟಿನಲ್ಲಿರುತ್ತದೆಂದು ನಮ್ಮಂಥವರು ನಂಬಿರುತ್ತೇವೆ. ಇದ್ದದ್ದರ ಅಳತೆ ಅಲ್ಲಿರಬಹುದು. ಕೆಡವಿದ್ದರ, ಬಿಟ್ಟುಹೋದವರ ಅಳತೆ ಇಂಥ ಕೆಲವರ ಕತ್ತಿನಲ್ಲಿ, ತೋಳಿನಲ್ಲಿ ಉಳಿದಿರುತ್ತದೆ. ಅವರು ಹಳೆಯ ಓಣಿಯನ್ನು ನೆನೆದು ಅಳುತ್ತ ಕೂರುವುದಿಲ್ಲ. ಅದರೊಳಗೆ ನಡೆದು ಹೋಗಿ ತಮ್ಮ ಕೆಲಸ ಮುಗಿಸಿಕೊಂಡು ಬರುತ್ತಾರೆ.

ಓಣಿಯ ಬಾಯಲ್ಲಿ ಮಲ್ಕಮ್ಮ ಮತ್ತೆ ಬಗ್ಗಿದಳು. ನಾನು ಈ ಸಲ ನೆಟ್ಟಗೇ ದಾಟಿ, ಕೇಳಿಯೇಬಿಟ್ಟೆ: “ಅಕ್ಕಾ, ಕಮಾನು ಕೆಡವಿ ಎಷ್ಟೋ ವರ್ಷ ಆತು. ಇನ್ನಾ ಯಾಕ ಬಗ್ಗತೀರಿ?”

“ಕಮಾನ ಹೋಗ್ಯಾದ ತಮ್ಮಾ,” ಎಂದಳು. “ತಲಿ ಇನ್ನಾ ಅದ.”